ನಾಲ್ಕು ‘ಆ’ಗಳ ವಿಳಾಸ

ರಾಹುಕಾಲ ಇನ್ನೇನು ಬಂದೇ ಬಿಟ್ಟಿತು. ಹೆಣ್ಣು ನೋಡಲು ಹೊರಟ ನಾವು ಉಡಿಗಾಲ ಎಂಬ ಹಳ್ಳಿಯ ಒಂದು ಅಂಗಳದಲ್ಲಿ ಅರಿಸಿನದ ರಾಶಿ ನೋಡುತ್ತಾ ನಿಂತಿದ್ದೇವೆ!

ಗಂಡು ನನ್ನ ಭಾವಮೈದ ನಂಜುಂಡ. ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ. (ಅಲ್ಲಿಗೆ ಇಂಟರ್‌ನೆಟ್ ಇನ್ನೂ ಬಂದಿಲ್ಲ; ಅದನ್ನು ನೋಡಬೇಕೆಂದರೆ ಮೈಸೂರಿನ ಬಸ್ಸು ಹತ್ತುತ್ತಾನೆ.) ಹುಡುಗಿಯ ತಂದೆ ಮಾದಪ್ಪನವರು ರಾಹುಕಾಲದ ವಿಷಯದಲ್ಲಿ ಬಲು ಬಿಗಿ. ಹಿಂದೊಮ್ಮೆ ತಡವಾಗಿ ಬಂದ ಗಂಡಿನ ಕಡೆಯವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದವರು.

ನಂಜುಂಡನಿಗೋ ಫೋಟೊ ನೋಡಿಯೇ ಹುಡುಗಿ ಹಿಡಿಸಿಬಿಟ್ಟಿದ್ದಳು. ಆ ಗಾಬರಿಗೆ ಚಾಮರಾಜನಗರದವರೆಗೂ ಬಸ್ಸಿನಲ್ಲಿ ನನಗೆ ಪಾಠ.

“ಇಂಟರ್‌ನೆಟ್ಟಲ್ಲಿ ಕಂಪ್ಯೂಟರ್‌ನ ಹೆಸ್ರು ಹೇಳುದ್ರ ಅದ್ರ ವಿಳಾಸ ಕೊಡೋ ಏರ್ಪಾಡದ ಭಾವ. ಹಳೇ ವಿಳಾಸದ ರೆಕಾರ್ಡ್‌ಗ ‘ಎ’ ಅಂತಾರ. ಆ ವಿಳಾಸಗಳು ಮುಂದಕ್ಕ ಸಾಲಲ್ಲ ಅಂತ ಹೊಸವು ಮಾಡವ್ರ. ನಾಕ್ ಪಟ್ಟು ಉದ್ದ. ಅದ್ಕ ನಾಕು ಎ!”

“ಒಂದೇ ಹೆಸ್ರಿಗ ಎರಡೂ ಇರ್ಬೋದಾ?”

“ಇರ್ಬೋದು. ಯಾವ್ದು ಕೇಳ್ತೀವೋ ಅದ್ನೇ ಕೊಡ್ತದ. ಬರೀ ಒಂದು ಎ ಕೇಳುದ್ರ ಹಳೇದೇ ಸಿಗೋದು.”

ಇಷ್ಟೆಲ್ಲ ತಿಳಿದ ಮಹಾಶಯ ಉಡಿಗಾಲದಲ್ಲಿ ಇಳಿದು ಕೇಳಿದ್ದೇನು? “ಮಾದಪ್ಪೋರ ಮನ ಎಲ್ಲದ?” ಅಷ್ಟೇ! ಜನ ತೋರಿಸಿದರು. ಬಂದು ನೋಡಿದರೆ ಹೆಣ್ಣಿಲ್ಲ, ಉಪ್ಪಿಟ್ಟಿನ ಘಮವೂ ಇಲ್ಲ. ಅಂಗಳದಲ್ಲಿ ಅರಿಸಿನ ಹರವಿ, ಕೋಲು ಹಿಡಿದು ಕೋಳಿ ಓಡಿಸುತ್ತಿದ್ದ ಅಜ್ಜಿಯೊಬ್ಬರು ಮಾತ್ರ.

“ಮಾದಪ್ಪೋರು ಮನೇಲವ್ರಾ, ಅಜ್ಜಿ?” ನಂಜುಂಡ ಕೇಳಿದ.

“ಆ?”

ಗಟ್ಟಿಯಾಗಿ ಕೇಳಿದ.

“ಆ?”

ಕೋಳಿಗಳು ಓಡುವಂತೆ ಕೇಳಿದ.

“ಆ?”

ನಾನು ಗಡಿಯಾರ ನೋಡಿದೆ. ನಂಜುಂಡ ನಾಚಿಕೆ ಬಿಟ್ಟು ಕೂಗಿದ, “ಹೆಣ್ಣು ನೋಡಕ ಬಂದಿದ್ದೀವಿ!”

“ಆ! ನಮ್ ಗೌರಿನಾ? ಮೊದ್ಲೇ ಬಾಯ್ಬುಟ್ಟು ಯೋಳ್ಬಾರ್ದಾ? ಇದು ಅಳೇ ಮನ ಕಣಪ್ಪ, ಅರಿಸಿನ ತುಂಬಕ ಮಡಿಕಂಡಿವಿ. ಒಸ ಮನ ಕೆರ ತಾವದ. ಬನ್ನಿ, ಓಗನ!”

ಎಣಿಸಿದಿರಾ? ನಾಲ್ಕು ‘ಆ’ಗೆ ಹೊಸ ಮನೆಯ ವಿಳಾಸ! (ಇಂಗ್ಲಿಷಿನ ಎ ಅಜ್ಜಿಯ ಬಾಯಲ್ಲಿ ಆ ಆದರೆ ತಪ್ಪೇನು?) ಅಜ್ಜಿ ಮುಂದೆ, ನಗು ತಡೆಯಲಾರದ ನಾನು ಹಿಂದೆ, ಪ್ಯಾಂಟಿಗೆಲ್ಲ ಅರಿಸಿನದ ಧೂಳು ಬಳಿದುಕೊಂಡ ಗಂಡು ಎಲ್ಲರಿಗಿಂತ ಹಿಂದೆ. ಮದುವೆಗೆ ಮುಂಚೆಯೇ ಅರಿಸಿನ! ಅಂತೂ ರಾಹುಕಾಲಕ್ಕಿಂತ ಮೊದಲು ಹೊಸ ಮನೆಯ ಹೊಸ್ತಿಲು ದಾಟಿದೆವು.

ಉಪ್ಪಿಟ್ಟು ಬಂತು. ಗೌರಿ ಬಂದಳು. ನಂಜುಂಡ ತಟ್ಟೆ ಹಿಡಿದು ಅವಳನ್ನೇ ನೋಡುತ್ತಾ ಕೂತ.

“ಏನಪ್ಪ, ನಮ್ಮುಡ್ಗಿ ಒಪ್ಪಿಗೇನಾ?” ಮಾದಪ್ಪನವರು ಕೇಳಿದರು.

“ಆ?” ಎಂದ ನಂಜುಂಡ.

ಗೌರಿ ಕಿಸಕ್ಕನೆ ನಕ್ಕಳು. “ಅಪ್ಪಾ, ಇನ್ನೂ ಮೂರ್ ಸಲ ಕೇಳು. ಇವ್ರೂ ನಮ್ಮಜ್ಜಿ ತರನೇ!”

ಈಗ ಹೇಳಿ, ನಮ್ಮ ನಂಜುಂಡನಿಗೆ ಹೊಸ ವಿಳಾಸ ಸಿಕ್ಕಿತೋ, ಇಲ್ಲವೋ?