ಚಾಚಾ ಓದಿಸಿದ ಮಾಡ್ಯೂಲು

ಚಾಚಾ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಉಗುರನ್ನು ಪ್ರೊಸೆಸರ್ ಮಾಡ್ಯೂಲಿನ ಅಂಚಿಗೆ ಹಚ್ಚಿ ಸರ್ರನೆ ಎಳೆದರೆ ಸಾಕು, ಸಾಲು ಪಿನ್ನುಗಳಲ್ಲಿ ಯಾವುದು ಬಾಗಿದೆ ಎಂದು ಹೇಳಿಬಿಡುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿಗೆ ಕಂಟ್ರೋಲ್ ಬಾಕ್ಸ್ ಮಾಡುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಎಂದರೆ ಅವರೊಬ್ಬರೇ. ಮಾಲೀಕರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು.

ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಭಾನುವಾರವೂ ಬಂದು ಗೇಟಿನಲ್ಲಿ ವಾಚ್‌ಮನ್ ಜೊತೆ ಕೂತು ಹೋಗುತ್ತಿದ್ದರು. ಮನೆಯಲ್ಲಿ ಆರಾಮಾಗಿ ಇರಬಾರದೇ ಎಂದರೆ, ಅಲ್ಲಿ ಯಾರಿದ್ದಾರೆ ಎನ್ನುತ್ತಿದ್ದರು.

ಡಿಪ್ಲೊಮಾ ಮುಗಿಸಿ ಸೇರಿದ ನನಗೆ ಅವರು ಕೊಟ್ಟ ಮೊದಲ ಕೆಲಸ ಓದುವುದು. ಕಂಟ್ರೋಲ್ ಬಾಕ್ಸಿನ ಮಿದುಳಿನಂಥ ಆ ಮಾಡ್ಯೂಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರ ಮೇಲಿನ ಇರುವೆಯಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಬೇಕು: ಎಷ್ಟು ಮೆಮೊರಿ, ಎಷ್ಟು ವೋಲ್ಟು, ಯಾವ ಮಾಡೆಲ್. ನಾನು ಓದಿದಂತೆ ಅವರು ವಿವರಿಸುತ್ತಿದ್ದರು. ಕರೆಂಟು ಹೋದರೂ ಮರೆಯದ ಮೆಮೊರಿ ಯಾವುದು, ಪ್ರೋಗ್ರಾಂ ನಿಂತುಹೋದರೆ ಅದನ್ನು ಎಬ್ಬಿಸುವ ಟೈಮರ್ ಯಾವುದು, ಎಲ್ಲವೂ ಬಾಯಲ್ಲೇ ಇತ್ತು. ಬಳಸದ ಪಿನ್ನೊಂದನ್ನು ನಾನು ಎಲ್ಲಿಗೂ ಜೋಡಿಸದೆ ಬಿಟ್ಟಾಗ ಮಾತ್ರ ಸಿಟ್ಟಾಗಿದ್ದರು.

"ಸುಮ್ನೆ ಬಿಟ್ಟ ಪಿನ್ನು ಸುಮ್ನಿರಲ್ಲ ಬೇಟಾ. ಪಕ್ಕದ ವೈರಿಂದ ಏನೇನೋ ಕೇಳಿಸ್ಕೊಂಡು ಸುಳ್ಳು ಹೇಳುತ್ತೆ. ಗ್ರೌಂಡ್ ವೈರಿಗೆ ಕಟ್ಟು."

ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ ದಿನವೂ ಓದಿಸುತ್ತಾರಲ್ಲ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಒಂದು ಮಧ್ಯಾಹ್ನ ಮಾಡ್ಯೂಲನ್ನು ನನ್ನ ಮುಂದೆ ಹಿಡಿದು, "ಇಲ್ಲೇ ಬರ್ದೈತಲ್ಲ, ಓದು" ಎಂದರು. ಅವರ ಬೆರಳಿದ್ದ ಕಡೆ ಏನೂ ಬರೆದಿರಲಿಲ್ಲ. ಅದು ಮಾಡ್ಯೂಲಿನ ಖಾಲಿ ಬೆನ್ನು. ಮೆಲ್ಲಗೆ ತಿರುಗಿಸಿಕೊಂಡು ಓದಿದೆ. ಇಬ್ಬರೂ ಆ ಮಾತೆತ್ತಲಿಲ್ಲ. ಕಣ್ಣು ಮಂಜಾಗಿದೆ ಎಂದು ಮಾಲೀಕರಿಗೆ ತಿಳಿದರೆ ಅವರ ಕುರ್ಚಿ ಹೋಗುತ್ತಿತ್ತು, ಅದು ಬಿಟ್ಟರೆ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಂದಿನಿಂದ ಹೇಳಿಸಿಕೊಳ್ಳದೆಯೇ ಓದತೊಡಗಿದೆ.

ಅಕ್ಕನ ಮದುವೆಗೆ ರಜೆ ಹಾಕುತ್ತೇನೆ ಎಂದಾಗ, "ಮೂರು ದಿನಾನಾ?" ಎಂದರು. ಆಮೇಲೆ ನಕ್ಕು, ಹೋಗಿ ಬಾ ಎಂದರು. ನಾನಿಲ್ಲದ ಎರಡನೇ ದಿನ ಚಾಚಾ ಐದು ವೋಲ್ಟಿನ ರ‍್ಯಾಕಿಗೆ ಮೂರು ವೋಲ್ಟಿನ ಮಾಡ್ಯೂಲುಗಳನ್ನು ಹಾಕಿಬಿಟ್ಟಿದ್ದರು. ನೋಡಲು ಎರಡೂ ಒಂದೇ, ಬರಹದಲ್ಲಿ ಒಂದಕ್ಷರ ಬೇರೆ. ಇಡೀ ರ‍್ಯಾಕಿಗೆ ಒಟ್ಟಿಗೆ ಕರೆಂಟು ಕೊಡುವುದು ನಮ್ಮಲ್ಲಿನ ಪದ್ಧತಿ. ಎಲ್ಲ ಸುಟ್ಟು, ಒಂದೂ ಉಳಿಯಲಿಲ್ಲ.

ನಾನು ಬಂದ ದಿನ ಮಾಲೀಕರು ಇಬ್ಬರನ್ನೂ ಕರೆಸಿದರು. ಇವರಿಗೆ ಕಣ್ಣು ಕಾಣಿಸುವುದಿಲ್ಲ ಎಂದು ನಿನಗೆ ಗೊತ್ತಿತ್ತೇ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಾಚಾ ಹೇಳಿದರು:

"ಅವಳಿಗೇನ್ ಗೊತ್ತು ಸಾರ್? ಪಾಠ ಹೇಳ್ಕೊಡ್ತಾ ಇದೀನಿ ಅನ್ಕೊಂಡಿದ್ಲು."

ನಾನು ಸುಮ್ಮನಿದ್ದೆ. ಮರುದಿನದಿಂದ ಆ ಕುರ್ಚಿ ನನ್ನದಾಯಿತು.

ಅವರ ಕೋಣೆ ಎರಡೇ ಬಸ್ ಸ್ಟಾಪು ದೂರ. ಹೋಗಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆದೆ. ಯಾವ ಮುಖ ಹೊತ್ತು ಹೋಗಲಿ? ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿಯನ್ನು ವಾಚ್‌ಮನ್ ತಂದ. ಆಗಾಗ ಅವರನ್ನು ನೋಡಲು ಹೋಗುತ್ತಿದ್ದವನು ಅವನೊಬ್ಬನೇ. ನಾನೇಕೆ ಬರುವುದಿಲ್ಲ ಎಂದು ಒಮ್ಮೆ ಕೇಳಿದ್ದನಂತೆ. ಚಾಚಾ ತಕ್ಷಣ ಅಂದರಂತೆ: "ಅವಳಿಗೆ ಕೆಲ್ಸ ಜಾಸ್ತಿ ಕಣಪ್ಪ, ಪುರುಸೊತ್ತೇ ಇಲ್ಲ ಪಾಪ."

ನನಗೆ ಪುರುಸೊತ್ತಿತ್ತು. ಪ್ರತಿ ಭಾನುವಾರವೂ ಇತ್ತು.