ನಿಮ್ಮ ತಾತನ ಅಳತೆ

ತಾತ ಎಷ್ಟೆತ್ತರ ಇದ್ದರು ಎಂದು ಕೇಳುತ್ತೀರಿ. ಅವರ ಪಟ ಒಂದೂ ಇಲ್ಲ. ಗಂಡನ ಎದುರು ನಿಂತು ತಲೆ ಎತ್ತಿ ನೋಡಿದವಳೂ ನಾನಲ್ಲ. ನಮ್ಮ ಮನೆ ಬಾಗಿಲಲ್ಲಿ ಅವರು ಬಗ್ಗಿ ಬರುತ್ತಿದ್ದರು, ಅಷ್ಟು ಗೊತ್ತು.

ನಿಮ್ಮ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ ವರ್ಷ ಗಾಡಿ ಮಗುಚಿ ಅವರ ಕಾಲು ಮುರಿಯಿತು. ಮೂಳೆ ಕೂಡಿದರೂ ಆ ಕಾಲಿಗೆ ಬಲ ಬರಲಿಲ್ಲ. ಕಂಕುಳಿಗೆ ಕೊಟ್ಟು ನಡೆಯುವ ಕೋಲು ಮಾಡಿಸಲು ಕಂಪಲಾಪುರದಿಂದ ಆಚಾರಿಯನ್ನು ಕರೆಸಿದೆವು. ಅವನು ದಾರ ಹಿಡಿದು ಮಂಚದ ಹತ್ತಿರ ಬಂದ. ನಮ್ಮತ್ತೆ ಅಡ್ಡ ನಿಂತರು.

"ಮಲಗಿರೋರ್ಗೆ ದಾರ ಇಡಿಯೋದು ಚಟ್ಟ ಕಟ್ಟೋಕೆ ಕಣಪ್ಪ. ನನ್ ಮಗ ಬದುಕವ್ನೆ."

"ಅಳತೆ ಇಲ್ದೆ ಎಂಗವ್ವ ಮಾಡ್ಲಿ?"

"ನಿನ್ ಕಸುಬು ನಿಂಗೆ ಗೊತ್ತು."

ಆಚಾರಿ ತಲೆ ಕೆರೆದುಕೊಂಡ. "ಓಗ್ಲಿ, ಕೈ ಅಳತೆನಾದ್ರೂ ಕೊಡ್ರವ್ವ. ಯಾರೇ ಆಗ್ಲಿ, ಅವರವರ ಮೊಳಕ್ಕೆ ಮೂರೂವರೆ ಮೊಳ ಇರ್ತಾರೆ. ಮಿಕ್ಕಿದ್ದು ನಾನ್ ಲೆಕ್ಕ ಆಕ್ಕೊತೀನಿ."

ಮಗನ ಮೊಣಕೈಯಿಂದ ಬೆರಳ ತುದಿಯವರೆಗೆ ಅತ್ತೆಯೇ ದಾರ ಹಿಡಿದು ಕೊಟ್ಟರು.

ಆದರೆ ನಿಮ್ಮ ತಾತನ ಕೈ ಗಿಡ್ಡ, ಕಾಲು ಉದ್ದ. ಕೋಲು ಕಂಕುಳಿಗೆ ಮುಟ್ಟಲಿಲ್ಲ. ಒಂದು ಕಡೆಗೆ ವಾಲಿ ನಡೆಯಬೇಕಾಯಿತು. ಬಾಗಿಲಿಗೆ ಬಂದಾಗ ಬೇರೆ ಬಗ್ಗುವುದು ಉಳಿದಿರಲಿಲ್ಲ, ಮೊದಲೇ ಬಗ್ಗಿರುತ್ತಿದ್ದರು. ಹಳೇ ಸೀರೆ ಹರಿದು ಕೋಲಿನ ತಲೆಗೆ ದಪ್ಪಗೆ ಸುತ್ತಿಕೊಟ್ಟೆ. ಗದ್ದೆ ಬದುವಿನವರೆಗೆ ಹೋಗುವಷ್ಟರಲ್ಲಿ ಅದು ಜಾರಿ ಕೆಳಗೆ ಬರುತ್ತಿತ್ತು.

ಬೇರೆ ಕೋಲು ಮಾಡಿಸೋಣ ಎಂದೆ.

"ಅವ್ವನ್ ಮುಂದೆ ಕೋಲು ಗಿಡ್ಡ ಅನ್ಬ್ಯಾಡ ಕಣೆ. ನಾನೇ ಉದ್ದ ಆಗೋದೆ ಅನ್ನು," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಅವ್ವನ್ ಜೀವ ನೊಂದ್ಕೊತದೆ, ಬುಡು," ಎಂದರು.

ಮುಂದಿನ ಮಳೆಗಾಲದ ಚಳಿಜ್ವರ ಅವರನ್ನು ಬಿಡಲಿಲ್ಲ.

ಜಗಲಿಯ ಮೇಲೆ ಮಲಗಿಸಿದ್ದರು. ಚಟ್ಟ ಕಟ್ಟುವವರು ತಲೆಯಿಂದ ಕಾಲಿನವರೆಗೆ ಹಗ್ಗ ಹಿಡಿದರು. ತಡೆಯುವವರು ಯಾರೂ ಇರಲಿಲ್ಲ. ತಂದಿದ್ದ ಬಿದಿರಿನ ಮೇಲೆ ಆ ಹಗ್ಗ ಇಟ್ಟು ನೋಡಿ ಒಬ್ಬ, "ಇದು ಸಾಲಕ್ಕಿಲ್ಲ ಕಣ್ಲಾ, ಇನ್ನೂ ಉದ್ದುಂದು ಕಡ್ಕೊಂಬಾ," ಎಂದ.

ಅಳುತ್ತಿದ್ದ ಅತ್ತೆ ತಲೆ ಎತ್ತಿದರು. ಗೋಡೆಗೆ ಒರಗಿಸಿದ್ದ ಕೋಲನ್ನು, ಅದರ ತಲೆಗೆ ಸುತ್ತಿದ್ದ ನನ್ನ ಸೀರೆಯ ಚೂರನ್ನು ಬಹಳ ಹೊತ್ತು ನೋಡಿದರು.

"ಕೋಲು ಗಿಡ್ಡ ಆಗಿತ್ತೇನವ್ವ?"

"ಇಲ್ಲ ಅತ್ತೆ, ಸರಿಯಾಗೇ ಇತ್ತು," ಎಂದೆ.