ಬುಗುರಿಯಮ್ಮನ ಡಬ್ಬಿ

ನಮ್ಮತ್ತೆ ಕೂತದ್ದನ್ನು ನೋಡಿದವರು ಕಡಿಮೆ. ಊಟವನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ, ತಟ್ಟೆ ಕೈಯಲ್ಲೇ ಹಿಡಿದು ಮುಗಿಸುತ್ತಾರೆ. ಅಷ್ಟರೊಳಗೆ ಎರಡು ಸಲ ಹೋಗಿ ನಲ್ಲಿ ಸರಿಯಾಗಿ ನಿಂತಿದೆಯಾ ಅಂತ ತಿರುಗಿಸಿ ಬಂದಿರುತ್ತಾರೆ. ಹಂದಿ ಫಾರ್ಮಿನಲ್ಲಿ ಅವರಿಗೆ ಬುಗುರಿಯಮ್ಮ ಅಂತ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು.

ಇಪ್ಪತ್ತೆರಡು ವರ್ಷದಿಂದ ಅಲ್ಲಿ ಹಂದಿಗಳಿಗೆ ಫೀಡ್ ಹಾಕುವುದು ಅವರ ಕೆಲಸ. ಹಂದಿಗೇನು, ಹಾಕಿದ್ದು ತಿಂದುಕೊಂಡು ಬಿದ್ದಿರುತ್ತೆ ಅಂತ ಯಾರಾದರೂ ಅಂದರೆ ಅತ್ತೆಗೆ ಮೈಯೆಲ್ಲ ಉರಿ. ಒಂದೊಂದು ವಯಸ್ಸಿಗೆ ಒಂದೊಂದು ಹೊಟ್ಟೆ ಅನ್ನುವುದು ಅವರ ಮಾತು. ಹತ್ತು ದಿನದ ಮರಿಗೆ ತಾಯಿಯ ಹಾಲಿನ ಜೊತೆ ಒಂದು ಹಿಡಿ ಮೆತ್ತನೆಯ ಫೀಡ್ ನೆಲಕ್ಕೆ ಉದುರಿಸಿ ಮೂಸಲು ಬಿಡಬೇಕು. ಹಾಲು ಬಿಡಿಸಿದ ಮರಿಗೆ ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪ. ಒಮ್ಮೆಲೇ ಸುರಿದರೆ ಭೇದಿ ಹಿಡಿಯುತ್ತದೆ. ಬೆಳೆಯುವ ಹಂದಿಗೆ ತೊಟ್ಟಿ ಖಾಲಿಯಾಗಬಾರದು. ಬಸುರಿಗೆ ಮಾತ್ರ ಅಳೆದೇ ಹಾಕಬೇಕು, ಎಷ್ಟು ಅರಚಿದರೂ ಕಿವುಡಾಗಬೇಕು. ಬಸುರಿ ಕೊಬ್ಬಿದರೆ ಹೆರಿಗೆ ಕಷ್ಟ, ಹಾಲೂ ಕಡಿಮೆ. ಹೆತ್ತ ಮೇಲೆ ದಿನದಿನಕ್ಕೆ ಏರಿಸುತ್ತಾ ಹೋಗಿ, ಆಮೇಲೆ ಹೊಟ್ಟೆ ತುಂಬುವಷ್ಟು.

ಈ ಅಳತೆಗೆ ಅವರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ತುಂಬಿ, ಅಂಗೈಯಿಂದ ಸವರಿದರೆ ಸರಿಯಾಗಿ ಒಂದೂಕಾಲು ಕಿಲೋ. ಬೆಳಿಗ್ಗೆ ಒಂದು, ಸಂಜೆ ಒಂದು. ಆ ಡಬ್ಬಿಯನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಬಸುರಿಗಳ ಸಾಲಿನಲ್ಲಿ ಪಟ್ಟದರಸಿ ಅನ್ನುವ ದೊಡ್ಡ ಹಂದಿಯಿತ್ತು. ಅತ್ತೆ ಅದನ್ನು ಮರಿಯಿದ್ದಾಗಿಂದ ಸಾಕಿದ್ದರು. ಹಿಂದಿನ ಸಲ ಅದಕ್ಕೆ ಹೆರಿಗೆ ಕಷ್ಟವಾಗಿ, ಹಾಲೂ ಸಾಲದೆ ಅರ್ಧ ಮರಿ ಸತ್ತಿದ್ದವು. ಈ ಸಲವೂ ಹಾಗಾದರೆ ಕಸಾಯಿಖಾನೆಯ ಲಾರಿಗೆ ಹತ್ತಿಸುವುದೇ ಅಂತ ಮಾಲೀಕರು ಹೇಳಿಬಿಟ್ಟಿದ್ದರು. ಅಂದಿನಿಂದ ಅತ್ತೆಗೆ ನಿಂತಲ್ಲಿ ನಿಲ್ಲುವುದು ಇನ್ನಷ್ಟು ಕಷ್ಟವಾಯಿತು. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಬೆರಳು ಮಡಚಿ ದಿನ ಎಣಿಸುತ್ತಿದ್ದರು.

ಹೆರಿಗೆಗೆ ಹದಿನೈದು ದಿನವಿರುವಾಗ ಅತ್ತೆ ಅದರ ಬೆನ್ನ ಮೇಲೆ ಅಂಗೈ ಒತ್ತಿ ನೋಡಿದರು. ಬೆನ್ನುಮೂಳೆ ಕೈಗೆ ಸಿಗಲಿಲ್ಲ. ಅಷ್ಟು ಕೊಬ್ಬು.

ಆವತ್ತು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಯಾರೋ ಅದಕ್ಕೆ ಕದ್ದು ತಿನ್ನಿಸ್ತಿದಾರೆ ಅಂದರು. ಅನ್ನುತ್ತಾ ನನ್ನನ್ನೇ ನೋಡಿದರು. ಮಧ್ಯಾಹ್ನ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಅವರಿಗೆ ಊಟ ಒಯ್ಯುತ್ತಿದ್ದವಳು ನಾನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಪಾಪ, ಅಷ್ಟು ಅರಚುತ್ತಲ್ಲ ಅಂತ ಎರಡು ಸಲ ತರಕಾರಿ ಸಿಪ್ಪೆ ಹಾಕಿದ್ದೆ. ಅದನ್ನು ಹೇಳಿಯೂಬಿಟ್ಟೆ.

"ಎರಡು ಸಲ ಅಂತ ಒಪ್ಕೊಂಡೋಳು ಇಪ್ಪತ್ತು ಸಲ ಹಾಕಿರ್ತಾಳೆ," ಅಂದರು ಅತ್ತೆ. "ನಾಳೆಯಿಂದ ಶೆಡ್ಡಿನೊಳಗೆ ಕಾಲಿಡಬೇಡ."

ಐದು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಇಬ್ಬರಿಗೂ ತಲೆಯಾಡಿಸಿ ಕೆಲಸಕ್ಕೆ ಓಡುತ್ತಿದ್ದರು. ನನಗೆ ಸಿಟ್ಟು ಬಂದರೆ ಊಟ ಸೇರುವುದಿಲ್ಲ. ಅರ್ಧ ತಟ್ಟೆಗೇ ಏಳುತ್ತಿದ್ದೆ. ಮಗು ಎಳೆದೆಳೆದು ಕುಡಿದು, ಸಾಲದೆ ರಚ್ಚೆ ಹಿಡಿಯುತ್ತಿತ್ತು.

ಆ ಐದೂ ದಿನ ಅವರ ಬುತ್ತಿಯನ್ನು ಗೇಟಿನ ಕಾವಲಿನವರ ಕೈಗೆ ಕೊಟ್ಟು ಬರುತ್ತಿದ್ದೆ. ಆರನೆಯ ದಿನ ಕಾವಲಿನವರು ಇರಲಿಲ್ಲ. ಫೀಡ್ ಕೋಣೆಯಲ್ಲಿ ಬುತ್ತಿ ಇಟ್ಟು ಬಂದುಬಿಡೋಣ ಅಂತ ಒಳಗೆ ಹೋದೆ. ಅತ್ತೆ ದೂರದ ಸಾಲಿನಲ್ಲಿದ್ದರು. ಮೂಟೆಯ ಮೇಲೆ ಆ ಡಬ್ಬಿ ತುಂಬಿ ಕೂತಿತ್ತು. ಪಕ್ಕಕ್ಕಿಡಲು ಎತ್ತಿದೆ, ಕೈ ಅಲ್ಲೇ ನಿಂತಿತು.

ಮಗುವಾಗುವ ಮೊದಲು ಏಳು ವರ್ಷ ದಿನಸಿ ಅಂಗಡಿಯಲ್ಲಿ ತೂಕ ಹಾಕಿದವಳು ನಾನು. ಒಂದೂಕಾಲು ಕಿಲೋ ಹೇಗಿರುತ್ತೆ ಅಂತ ನನ್ನ ಮಣಿಕಟ್ಟಿಗೆ ಗೊತ್ತು. ಇದು ಅದಲ್ಲ. ಡಬ್ಬಿಯೊಳಗೆ ನೋಡಿದೆ. ಎರಡೂವರೆ ತಿಂಗಳ ಹಿಂದೆ ಮಾಲೀಕರು ತೌಡು ಬೆರೆಸಿದ ಹಳೆಯ ಪುಡಿ ಬಿಟ್ಟು ಒತ್ತಿ ಮಾಡಿದ ಗುಳಿಗೆ ಫೀಡ್ ತರಿಸಿದ್ದರು. ಪುಡಿ ಹಗುರ, ಗುಳಿಗೆ ಭಾರ. ಡಬ್ಬಿ ಮಾತ್ರ ಅದೇ. ಮರಿ ತೂಗುವ ಯಂತ್ರ ಮೂಲೆಯಲ್ಲೇ ಇತ್ತು. ಚೀಲಕ್ಕೆ ಸುರಿದು ತೂಗಿದೆ. ಒಂದು ಕಿಲೋ ಏಳುನೂರು ಗ್ರಾಂ.

ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಖುಷಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳುತ್ತಾರಾ? ಎಲ್ಲರ ಎದುರು ಹೇಳಿ ಮುಖ ನೋಡಬೇಕು ಅನ್ನಿಸಿತು. ಅಷ್ಟರಲ್ಲಿ ಅತ್ತೆ ಇಬ್ಬರು ಹೆಂಗಸರ ಜೊತೆ ಒಳಗೆ ಬಂದರು, ಬಂದವರೇ ಡಬ್ಬಿಗೆ ಕೈ ಚಾಚಿದರು. ಇನ್ನೊಂದು ಕೈಯ ಬೆರಳು ಮಡಚಿ ದಿನ ಎಣಿಸುತ್ತಲೇ ಇದ್ದರು. ಆ ಹೆಂಗಸರು ಹೋಗುವ ತನಕ ಸುಮ್ಮನಿದ್ದೆ.

"ಅತ್ತೆ, ಡಬ್ಬಿ ಹಳೇದೇ. ಒಳಗಿರೋದು ಹೊಸದು. ನೀವೇ ತೂಗಿ ನೋಡಿ," ಅಂದೆ.

ಮೂರು ಸಲ ತೂಗಿದರು. ಆಮೇಲೆ ಮೂಟೆಯ ಮೇಲೆ ಕೂತುಬಿಟ್ಟರು. ಮದುವೆಯಾಗಿ ಮೂರು ವರ್ಷದಲ್ಲಿ ಅವರು ಹಾಗೆ ಕುಸಿದು ಕೂತದ್ದನ್ನು ನಾನು ಕಂಡಿರಲಿಲ್ಲ.

"ನಾನೇ," ಅಂದರು. "ನನ್ನ ಕೈಯಾರೆ."

ನನ್ನ ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರು ಕೂತದ್ದು ಒಂದು ನಿಮಿಷವೂ ಇಲ್ಲ. ಎದ್ದು, ಮೊಳೆ ಹುಡುಕಿ, ಹೊಸ ಅಳತೆಗೆ ಡಬ್ಬಿಯೊಳಗೆ ಗೆರೆ ಕೊರೆದರು. ಬೇರೆ ಬಸುರಿಗಳಿಗೆ ಇನ್ನೂ ದಿನವಿತ್ತು, ಪಟ್ಟದರಸಿಗೆ ಇರಲಿಲ್ಲ. ಈಗ ಹೊಟ್ಟೆ ಕಟ್ಟಿದರೆ ಮರಿ ಸೊರಗುತ್ತವೆ ಅಂತ ಅದರ ಪಾಲು ತಗ್ಗಿಸದೆ, ಸ್ವಲ್ಪ ಗುಳಿಗೆ ತೆಗೆದು ತೌಡು ಸೇರಿಸಿದರು. ನೀರು ಹೆಚ್ಚು ಕುಡಿಸಿದರು. ಬೆಳಿಗ್ಗೆ ಸಂಜೆ ಶೆಡ್ಡಿನ ಓಣಿಯಲ್ಲಿ ಅದನ್ನು ನಡೆಸಿದರು. ಅದು ಗೊಣಗುತ್ತಾ ಮುಂದೆ, ಇವರು ಗೊಣಗುತ್ತಾ ಹಿಂದೆ. ಯಾರಿಗೆ ಹೆಚ್ಚು ಉಸಿರು ಕಟ್ಟುತ್ತಿತ್ತೋ ಹೇಳುವುದು ಕಷ್ಟ.

ಒಂಬತ್ತು ದಿನ ಕಳೆದು ಪಟ್ಟದರಸಿಗೆ ನೋವು ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ಮೂರು ಮರಿ ಬಂದು ಒಂದು ಗಂಟೆ ಏನೂ ಇಲ್ಲ. ಅತ್ತೆ ಮೊಣಕೈ ತನಕ ಸೋಪು ಹಚ್ಚಿ ತೊಳೆದು, ಎಣ್ಣೆ ಸವರಿ ಒಳಗೆ ಕೈ ಹಾಕಿ ಅಡ್ಡ ಸಿಕ್ಕಿದ್ದ ಮರಿಯನ್ನು ಎಳೆದರು. ಅದು ಸತ್ತಿತ್ತು. ಇನ್ನೊಂದೂ ಸತ್ತೇ ಹುಟ್ಟಿತು. ಮಿಕ್ಕ ಹನ್ನೊಂದು ಬದುಕಿದವು. ಮಾಲೀಕರು ಬಂದು ನೋಡಿ, ಹಾಲು ಬರುತ್ತಾ ಮೂರು ದಿನ ನೋಡೋಣ, ನಾಲ್ಕನೇ ದಿನ ಲಾರಿ ಇದೆ ಅಂದರು.

ಮೂರು ದಿನ ಅತ್ತೆ ಮರಿಗಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದರು. ತಾಯಿಗೆ ದಿನಕ್ಕೆ ಅರ್ಧ ಕಿಲೋ ಏರಿಸಿದರು. ನಾಲ್ಕನೇ ದಿನ ಲಾರಿ ಬಂದಾಗ ಹನ್ನೊಂದು ಮರಿಗಳೂ ಹೊಟ್ಟೆ ತುಂಬಿ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಲಾರಿ ಬೇರೆ ಎರಡು ಹಂದಿ ಹತ್ತಿಸಿಕೊಂಡು ಹೋಯಿತು.

ಆವತ್ತು ಸಂಜೆ ನಾನು ಊಟಕ್ಕೆ ಕೂತಾಗ ಅತ್ತೆ ಬಡಿಸಲು ಬಂದರು. ಸೌಟು ತರಲಿಲ್ಲ, ಪಾತ್ರೆಯನ್ನೇ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಆಮೇಲೆ ನನ್ನ ಎದುರು ನೆಲದ ಮೇಲೆ ಕೂತರು.

"ಮಾತು ಬಿಟ್ಟ ಆ ಐದು ದಿನ ನಿನ್ನ ತಟ್ಟೆ ನೋಡಿದೀನಿ," ಅಂದರು. "ಹಾಲೂಡಿಸೋಳ ತಟ್ಟೆ ಅಲ್ಲ ಅದು. ನನ್ನ ಬಾಯಿಂದ ಹಾಗಾಯ್ತು. ತಿನ್ನು."

ಕೂತಲ್ಲೇ ಅವರ ಕಾಲ್ಬೆರಳು ಕುಣಿಯುತ್ತಿತ್ತು. ಒಳಗೆ ನಲ್ಲಿ ತೊಟ್ಟಿಕ್ಕುವುದು ಇಬ್ಬರಿಗೂ ಕೇಳುತ್ತಿತ್ತು, ಅವರು ಏಳಲಿಲ್ಲ. ನಾನು ಬೇಕೆಂದೇ ನಿಧಾನವಾಗಿ ಉಂಡೆ.